ಹಾಲ್‌ಸ್ಟಾಟ್ ಬರಿಯ ಫೋಟೊ ತೆಗೆಯುವ ಊರೇ?

ಪ್ರಶ್ನೆ: ನಾನು ಸಾಗರದವಳು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ, ವಯಸ್ಸು 63. ನಮ್ಮ ಯಜಮಾನರಿಗೆ 69. ರಕ್ತದೊತ್ತಡ ಇದೆ, ಮಾತ್ರೆಯಿಂದ ಹಿಡಿತದಲ್ಲಿದೆ. ನನಗೆ ಮಂಡಿನೋವು. ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಸೆಪ್ಟೆಂಬರ್ ಅಥವಾ ಕ್ರಿಸ್‌ಮಸ್ ರಜೆಯಲ್ಲಿ ನಾಲ್ಕು ದಿನ ಆಸ್ಟ್ರಿಯಾದ ಹಾಲ್‌ಸ್ಟಾಟ್, ಇನ್ಸ್‌ಬ್ರುಕ್ ತೋರಿಸುತ್ತೇನೆ ಎನ್ನುತ್ತಾನೆ. ಹೋಗಿ ಬಂದ ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಲ್‌ಸ್ಟಾಟ್ ಪ್ರವಾಸಿಗರಿಗಾಗಿ ಸಿಂಗರಿಸಿದ ಊರು, ಚೀನಾದವರು ಅಂಥದ್ದೇ ಇನ್ನೊಂದನ್ನು ಕಟ್ಟಿಕೊಂಡಿದ್ದಾರೆ ಎಂದು ಒಬ್ಬರು. ಅಲ್ಲಿ ತಲೆಬುರುಡೆಗಳಿಗೆ ಬಣ್ಣ ಬಳಿದು ಜೋಡಿಸಿಟ್ಟಿದ್ದಾರೆ, ಅದೇನೋ ಮಾಟದಂತೆ ಕಾಣುತ್ತದೆ ಎಂದು ಇನ್ನೊಬ್ಬರು. ಇನ್ಸ್‌ಬ್ರುಕ್‌ನ ಚಿನ್ನದ ಚಾವಣಿ ಎಂದರೆ ಒಂದು ಬಾಲ್ಕನಿ, ಹತ್ತು ನಿಮಿಷ ಸಾಕು ಎಂದು ಮತ್ತೊಬ್ಬರು. ಆಲ್ಪ್ಸ್‌ನ ಎತ್ತರದಲ್ಲಿ ವಯಸ್ಸಾದವರಿಗೆ ಉಸಿರು ಕಟ್ಟುತ್ತದೆ ಎಂಬ ಹೆದರಿಕೆ ಬೇರೆ. ಇಷ್ಟು ಖರ್ಚು ಮಾಡಿ ಹೋಗುವಷ್ಟು ನಿಜವಾದ ಇತಿಹಾಸ ಅಲ್ಲಿದೆಯೇ? ಸಸ್ಯಾಹಾರಿಗಳಾದ ನಮಗೆ ಊಟ ಹೇಗೆ? ಬರುವಾಗ ಏನು ತರಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಒಂದು ಮೈಗೆ ಸಂಬಂಧಿಸಿದ್ದು, ಇನ್ನೊಂದು ಮನಸ್ಸಿಗೆ. ನಾನು ಹಳೆಯ ಕಟ್ಟಡಗಳ ದುರಸ್ತಿ ಮತ್ತು ಸಂರಕ್ಷಣೆಯ ಕೆಲಸದವನು. ಆ ಸೀಮೆಯಲ್ಲಿ ಎರಡು ವರ್ಷ ಓದಿದ್ದೇನೆ, ಆಮೇಲೆ ಚಿಕ್ಕ ಗುಂಪುಗಳನ್ನು ಕರೆದುಕೊಂಡು ಹಲವು ಸಲ ಹೋಗಿದ್ದೇನೆ. ವೈದ್ಯನಲ್ಲ. ಆದರೆ ಎತ್ತರದ ಲೆಕ್ಕ ಹೇಳುವುದಕ್ಕೆ ವೈದ್ಯನಾಗಬೇಕಿಲ್ಲ, ಅದನ್ನು ಮೊದಲು ಮುಗಿಸಿಬಿಡುತ್ತೇನೆ.

ಆಲ್ಪ್ಸ್ ಎಂದ ಕೂಡಲೇ ನಮ್ಮ ಕಣ್ಣಿಗೆ ಹಿಮದ ಶಿಖರ ಬರುತ್ತದೆ. ಊರುಗಳಿರುವುದು ಶಿಖರದ ಮೇಲಲ್ಲ, ಕಣಿವೆಯ ತಳದಲ್ಲಿ. ಹಾಲ್‌ಸ್ಟಾಟ್ ಸಮುದ್ರ ಮಟ್ಟದಿಂದ 511 ಮೀಟರ್, ಇನ್ಸ್‌ಬ್ರುಕ್ 574 ಮೀಟರ್. ಅಂದರೆ ಹೆಚ್ಚು ಕಡಿಮೆ ನಿಮ್ಮ ಸಾಗರದಷ್ಟೇ ಎತ್ತರ. ಬೆಂಗಳೂರು ಇವೆರಡಕ್ಕಿಂತಲೂ ಮುನ್ನೂರು ಮೀಟರಿಗೂ ಹೆಚ್ಚು ಮೇಲಿದೆ. ಮಗಳ ಮನೆಗೋ ತಂಗಿಯ ಮನೆಗೋ ಬೆಂಗಳೂರಿಗೆ ಹೋಗುವಾಗ ಉಸಿರು ಕಟ್ಟೀತೆಂದು ನೀವು ಎಂದಾದರೂ ಹೆದರಿದ್ದೀರಾ? ಎತ್ತರದ ಬಾಧೆ ಸಾಮಾನ್ಯವಾಗಿ 2,500 ಮೀಟರಿನ ಆಚೆಗೆ ಕಾಡುವಂಥದ್ದು. ನೆಂಟರು ಹೇಳಿದ ಉಸಿರಿನ ಕಥೆ ಬಹುಶಃ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಉಯೋಕ್‌ನದು. ಅಲ್ಲಿ ರೈಲು 3,454 ಮೀಟರಿಗೆ ಒಯ್ದು ಇಳಿಸುತ್ತದೆ, ಮೆಟ್ಟಿಲು ಹತ್ತಿದರೆ ಎಳೆಯರಿಗೂ ತಲೆ ಹಗುರಾಗುತ್ತದೆ. ಊರು ಬೇರೆ, ಬೆಟ್ಟದ ತುದಿ ಬೇರೆ. ಇನ್ಸ್‌ಬ್ರುಕ್‌ನ ಹಳೆ ಪೇಟೆಯ ಅಂಚಿನಿಂದಲೇ ಹೊರಟು, ಬದಲಿ ಬದಲಿ ಕೇಬಲ್ ಕಾರ್ ಹತ್ತಿ, ಅರ್ಧ ಗಂಟೆಯಲ್ಲಿ ಸುಮಾರು 2,300 ಮೀಟರಿನ ಹಾಫೆಲೆಕಾರ್ ತಲುಪಬಹುದು. ಅಷ್ಟು ಬೇಗ ಅಷ್ಟು ಎತ್ತರಕ್ಕೆ ಏರುವ ಮುನ್ನ ನಿಮ್ಮ ಯಜಮಾನರು ವೈದ್ಯರನ್ನೊಂದು ಮಾತು ಕೇಳಲಿ. ಬೇಡವೆಂದರೆ ನಡುವಿನ ನಿಲ್ದಾಣದಲ್ಲಿ ಕಾಫಿ ಕುಡಿದು ಇಳಿಯಿರಿ. ಊರೆಲ್ಲ ಅಲ್ಲಿಂದಲೂ ಕಾಣುತ್ತದೆ.

ಮಂಡಿನೋವಿನ ವಿಷಯ ಇಷ್ಟು ಸುಲಭವಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಜ, ಸುಳ್ಳಿನ ಪ್ರಶ್ನೆ. ಚೀನಾದ ನಕಲು ಊರು ಇರುವುದು ನಿಜ. ಗುವಾಂಗ್‌ಡಾಂಗ್ ಪ್ರಾಂತ್ಯದ ಹುಯಿಝೌ ಬಳಿ ಒಂದು ದೊಡ್ಡ ಗಣಿ ಕಂಪನಿ ಹಾಲ್‌ಸ್ಟಾಟ್‌ನ ಚೌಕ, ಇಗರ್ಜಿಯ ಗೋಪುರ, ಕೆರೆದಂಡೆಯ ಮನೆಗಳನ್ನು ಅನುಕರಿಸಿ ಬಡಾವಣೆ ಕಟ್ಟಿತು, 2012ರಲ್ಲಿ ಅದರ ಉದ್ಘಾಟನೆಯಾಯಿತು. ತಮ್ಮ ಊರಿನ ಅಳತೆ ತೆಗೆದುಕೊಂಡು ಹೋಗಿದ್ದಾರೆಂದು ತಡವಾಗಿ ತಿಳಿದ ಹಾಲ್‌ಸ್ಟಾಟ್‌ನವರಿಗೆ ಮೊದಲು ಸಿಟ್ಟು ಬಂದಿತ್ತು. ಆದರೆ ನಕಲು ಆದದ್ದರಿಂದ ಮೂಲವೂ ನಕಲಾಗುವುದಿಲ್ಲ. ಒಂದು ಅನಿಮೇಷನ್ ಸಿನಿಮಾದ ಊರಿಗೆ ಇದೇ ಮಾದರಿ ಎಂಬ ಮಾತೂ ತುಂಬಾ ಓಡಾಡುತ್ತಿದೆ. ಆ ಸಿನಿಮಾ ಮಾಡಿದವರು ಮಾದರಿ ಹುಡುಕಿಕೊಂಡು ಹೋದದ್ದು ನಾರ್ವೆಗೆ. ಆದರೂ ಮಾತು ನಿಂತಿಲ್ಲ, ಜನ ಬರುವುದೂ ನಿಂತಿಲ್ಲ.

ಹಾಗಾದರೆ ಮೂಲ ಏನು? ಒಂದೇ ಪದದಲ್ಲಿ ಹೇಳಬಹುದು: ಉಪ್ಪು. ನಿಮ್ಮ ನೆಂಟರು ಕೆರೆ ನೋಡಿ ಬಂದಿದ್ದಾರೆ, ಉಪ್ಪು ನೋಡಿಲ್ಲ. ಗೊಣಗಾಟಕ್ಕೆ ಕಾರಣ ಅದೇ ಎಂದು ನನ್ನ ಅನಿಸಿಕೆ.

ಆಲ್ಪ್ಸ್ ಹುಟ್ಟುವುದಕ್ಕೂ ಬಹಳ ಮೊದಲು, ಸುಮಾರು 25 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು. ಅದು ಬತ್ತಿ ಉಳಿದ ಉಪ್ಪಿನ ಪದರಗಳು ಬೆಟ್ಟ ಮೇಲೇಳುವಾಗ ಮಡಿಕೆಗಳೊಳಗೆ ಸಿಕ್ಕಿಕೊಂಡವು. ಹಾಲ್‌ಸ್ಟಾಟ್‌ನ ಮೇಲಿನ ಕಣಿವೆಯಲ್ಲಿ ಆ ಉಪ್ಪನ್ನು ಮನುಷ್ಯರು ಸುಮಾರು 7,000 ವರ್ಷಗಳಿಂದ ತೆಗೆಯುತ್ತಿದ್ದಾರೆ. ಕಂಚಿನ ಯುಗದಲ್ಲೇ ನೂರು ಮೀಟರಿಗೂ ಆಳಕ್ಕೆ ಇಳಿದಿದ್ದರು. ಉಪ್ಪಿನ ಗುಣ ನಿಮಗೆ ಗೊತ್ತೇ ಇದೆ, ಮಾವಿನಮಿಡಿ ಹಾಕುವವರಿಗೆ ನಾನು ಹೇಳಬೇಕಿಲ್ಲ. ಅದು ಕೆಡಲು ಬಿಡುವುದಿಲ್ಲ. ಮೂರು ಸಾವಿರ ವರ್ಷಗಳ ಹಿಂದಿನ ಕೂಲಿಗಳು ಎಸೆದ ಸೀಳುಕಟ್ಟಿಗೆಯ ದೀವಟಿಗೆ, ಹರಿದ ಬಟ್ಟೆಯ ತುಂಡು, ಬೆನ್ನಿಗೆ ಹಾಕಿಕೊಳ್ಳುವ ದನದ ಚರ್ಮದ ಚೀಲ ಎಲ್ಲವೂ ಬಣ್ಣ ಮಾಸದೆ ಸಿಕ್ಕಿವೆ. 2003ರಲ್ಲಿ ಅಲ್ಲಿ ಒಂದು ಮರದ ಏಣಿಮೆಟ್ಟಿಲು ಕಂಡಿತು. ಮರದೊಳಗಿನ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ನೋಡಿದಾಗ ಆ ಮರಗಳನ್ನು ಕಡಿದದ್ದು ಕ್ರಿ.ಪೂ. 1344ರ ಸುಮಾರಿನಲ್ಲಿ ಎಂದು ಗೊತ್ತಾಯಿತು. ನಾನು ಬಡಗಿಗಳ ಜೊತೆ ಕೆಲಸ ಮಾಡುವವನಾದ್ದರಿಂದ ಇರಬಹುದು, ಆ ಊರಿನಲ್ಲಿ ನನ್ನನ್ನು ಅತಿ ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಆ ಮೆಟ್ಟಿಲೇ. ಹಲಗೆಗಳನ್ನು ಪಕ್ಕದ ದಿಮ್ಮಿಗಳಲ್ಲಿ ಕೊರೆದ ತೋಡುಗಳಲ್ಲಿ ಕೂರಿಸಿದ ರೀತಿ ಇಂದಿನ ಒಬ್ಬ ಒಳ್ಳೆಯ ಬಡಗಿ ತಲೆದೂಗುವಂತಿದೆ.

ನೀವು ತರಗತಿಯಲ್ಲಿ ಕಬ್ಬಿಣಯುಗ ಕಲಿಸಿದ್ದೀರಿ. ಮಧ್ಯ ಯುರೋಪಿನ ಕಬ್ಬಿಣಯುಗದ ಮೊದಲ ಘಟ್ಟಕ್ಕೆ, ಅಂದರೆ ಸುಮಾರು ಕ್ರಿ.ಪೂ. 800ರಿಂದ 450ರವರೆಗಿನ ಕಾಲಕ್ಕೆ, ವಿದ್ವಾಂಸರು ಇಟ್ಟಿರುವ ಹೆಸರೇ ಹಾಲ್‌ಸ್ಟಾಟ್ ಕಾಲ. ಏಳೆಂಟು ನೂರು ಜನ ವಾಸಿಸುವ ಹಳ್ಳಿಯ ಹೆಸರು ಒಂದು ಯುಗಕ್ಕೆ. ಇದಕ್ಕೆ ಕಾರಣ ಯೋಹಾನ್ ಗೇಯೋರ್ಗ್ ರಾಮ್ಸಾವರ್ ಎಂಬ ಗಣಿ ಅಧಿಕಾರಿ. 1846ರಲ್ಲಿ ಅವನಿಗೆ ಗಣಿಯ ಬಳಿ ಸಮಾಧಿಗಳು ಕಂಡವು. 1863ರವರೆಗೆ ಸುಮಾರು 980 ಸಮಾಧಿಗಳನ್ನು ಅಗೆಸಿದ. ನಿಧಿ ಹುಡುಕುವವರು ಅಗೆದು ದೋಚುತ್ತಿದ್ದ ಕಾಲದಲ್ಲಿ ಒಂದೊಂದು ಸಮಾಧಿಯಲ್ಲೂ ಏನು ಎಲ್ಲಿತ್ತು ಎಂದು ಬಣ್ಣದ ಚಿತ್ರ ಬರೆಸಿಟ್ಟ. ಅಲ್ಲಿ ಸಿಕ್ಕ ಕತ್ತಿಯ ಹಿಡಿಯಲ್ಲಿ ಆನೆಯ ದಂತವಿದೆ, ಬಾಲ್ಟಿಕ್ ಕಡಲಿನ ಅಂಬರು, ಅಂದರೆ ಕಲ್ಲಿನಂತೆ ಗಟ್ಟಿಯಾದ ಮರದಂಟು, ಇದೆ. ಬೆಟ್ಟದ ಸಂದಿಯಲ್ಲಿ ಕುಳಿತ ಗಣಿಗಾರರ ಮನೆಗೆ ಇವೆಲ್ಲ ಬಂದದ್ದು ಉಪ್ಪು ಮಾರಿದ ದುಡ್ಡಿನಿಂದ.

ಇನ್ನೊಂದು ಕಥೆ. 1734ರಲ್ಲಿ ಗಣಿಯೊಳಗೆ ಒಂದು ಹೆಣ ಸಿಕ್ಕಿತು, ಉಪ್ಪಿನಲ್ಲಿ ಚಪ್ಪಟೆಯಾಗಿ, ಆದರೆ ಕೆಡದೆ. ಯಾವ ಕಾಲದವನೋ ಎಂದು ಊರಿನವರಿಗೆ ತಿಳಿಯಲಿಲ್ಲ. ಕ್ರೈಸ್ತನಾಗಿರಲಿಕ್ಕಿಲ್ಲ ಎಂದು ಸ್ಮಶಾನದ ಒಂದು ಮೂಲೆಗೆ ಹಾಕಿ ಮುಚ್ಚಿದರು. ಈಗಿದ್ದರೆ ಅದೊಂದು ಹೆಣಕ್ಕಾಗಿ ಒಂದು ಪ್ರಯೋಗಾಲಯವನ್ನೇ ಕಟ್ಟುತ್ತಿದ್ದರು. ಅದೇ ವರ್ಷ, ಅದೇ ಉಪ್ಪಿನ ಸೀಮೆಯಿಂದ ಪ್ರೊಟೆಸ್ಟಂಟ್ ಪಂಥ ಬಿಡಲೊಪ್ಪದ ಕುಟುಂಬಗಳನ್ನು ದೋಣಿ ಹತ್ತಿಸಿ ದೂರದ ಟ್ರಾನ್ಸಿಲ್ವೇನಿಯಾಕ್ಕೆ ಗಡೀಪಾರು ಮಾಡುವ ಕೆಲಸ ಶುರುವಾಗಿತ್ತು. ಇಂದು ಕೆರೆದಂಡೆಯಲ್ಲಿ ಎರಡು ಇಗರ್ಜಿಗಳನ್ನು ಕಾಣುತ್ತೀರಿ. ಚೂಪು ಗೋಪುರದ್ದು ಪ್ರೊಟೆಸ್ಟಂಟರದು, ಅವರ ಪಂಥಕ್ಕೂ ಅವಕಾಶ ಕೊಟ್ಟ 1781ರ ಸಹಿಷ್ಣುತೆಯ ಆಜ್ಞೆ ಬಂದ ಎಷ್ಟೋ ಕಾಲದ ಮೇಲೆ ಕಟ್ಟಿದ್ದು. ಎಲ್ಲರ ಫೋಟೊದಲ್ಲೂ ಬರುವುದು ಆ ಗೋಪುರವೇ. ಅದರ ಹಿಂದಿನ ಗಡೀಪಾರು ಯಾವ ಫೋಟೊದಲ್ಲೂ ಬರುವುದಿಲ್ಲ.

ಇನ್ನು "ಸಿಂಗರಿಸಿದ ಊರು" ಎಂಬ ಆರೋಪ. ಮನೆಗಳು ಒಂದರ ತಲೆಯ ಮೇಲೆ ಒಂದು ನಿಂತಂತೆ ಕಾಣುವುದು ಅಂದಕ್ಕಾಗಿ ಅಲ್ಲ, ಜಾಗವಿಲ್ಲದ್ದಕ್ಕೆ. ಮುಂದೆ ಕೆರೆ, ಹಿಂದೆ ಬಂಡೆ. ಹಿತ್ತಿಲಿಗೂ ನೆಲವಿಲ್ಲದ ಊರು. ಹಣ್ಣಿನ ಮರವನ್ನು ಗೋಡೆಗೆ ಅಂಟಿಸಿ, ಕೊಂಬೆಗಳನ್ನು ಎಡಬಲಕ್ಕೆ ಕಟ್ಟಿ, ಬಳ್ಳಿಯ ಹಾಗೆ ಚಪ್ಪಟೆಯಾಗಿ ಬೆಳೆಸಿದ್ದಾರೆ. ಚೌಕದಲ್ಲಿ ಅಂಥ ಮರವೊಂದರ ಮುಂದೆ ಜನ ಸಾಲುಗಟ್ಟಿ ಚಿತ್ರ ತೆಗೆಸಿಕೊಳ್ಳುತ್ತಾರೆ. 1890ರವರೆಗೆ ಊರಿಗೆ ರಸ್ತೆಯೇ ಇರಲಿಲ್ಲ. ದೋಣಿ, ಇಲ್ಲವೇ ಕಾಲುಹಾದಿ. ಇವತ್ತಿಗೂ ರೈಲು ನಿಲ್ದಾಣ ಕೆರೆಯ ಆಚೆ ದಡದಲ್ಲಿದೆ.

ಹಾಗೆಂದು ಪ್ರತಿಯೊಂದು ಗೋಡೆಯೂ ಸಾವಿರ ವರ್ಷದ್ದು ಎಂದುಕೊಳ್ಳಬೇಡಿ. 1750ರಲ್ಲಿ ಬೆಂಕಿ ಬಿದ್ದು ಊರಿನ ನಡುಭಾಗ ಸುಟ್ಟುಹೋಯಿತು. ಇಂದಿನ ಚೌಕದ ಮನೆಗಳು ಬಹುಮಟ್ಟಿಗೆ ಆಮೇಲಿನವು. ಇನ್ಸ್‌ಬ್ರುಕ್ ಮೇಲೆ 1943ರ ಡಿಸೆಂಬರಿನಿಂದ ಬಾಂಬು ಬಿದ್ದವು, ಸೇಂಟ್ ಜೇಮ್ಸ್ ಕಥೀಡ್ರಲ್ಲಿಗೂ ಪೆಟ್ಟಾಯಿತು, ಯುದ್ಧ ಮುಗಿದ ಮೇಲೆ ಸರಿಪಡಿಸಿದರು. ಮರ ಮತ್ತು ಸುಣ್ಣದ ಕಟ್ಟಡ ಉಳಿಯುವುದೇ ಹಾಗೆ: ಪ್ರತಿ ತಲೆಮಾರು ಒಂದಿಷ್ಟು ಬದಲಿಸುತ್ತದೆ. ನಮ್ಮ ಕೆಲಸದಲ್ಲಿ ಕೇಳಿಕೊಳ್ಳುವ ಪ್ರಶ್ನೆ "ಎಷ್ಟು ಹಳೆಯದು" ಎಂಬುದಲ್ಲ. "ಯಾತಕ್ಕಾಗಿ ಹೀಗೆ ಕಟ್ಟಿದರು, ಆ ಕಾರಣ ಇನ್ನೂ ಕಣ್ಣಿಗೆ ಕಾಣುತ್ತದೆಯೇ" ಎಂಬುದು. ಚೀನಾದ ಬಡಾವಣೆಯಲ್ಲಿ ಮನೆಗಳು ಹಾಗೆ ಒತ್ತೊತ್ತಾಗಿ ನಿಲ್ಲಲು ಕಾರಣವೇ ಇಲ್ಲ. ಹಾಲ್‌ಸ್ಟಾಟ್‌ನಲ್ಲಿ ಹಿಂದಿನ ಬಂಡೆಯೇ ಕಾರಣ.

ಬುರುಡೆಗಳ ವಿಷಯವೂ ಇದೇ ಜಾಗದ ಕಥೆ. ಕ್ಯಾಥೊಲಿಕ್ ಇಗರ್ಜಿಯ ಸ್ಮಶಾನ ಬಂಡೆಯ ಅಂಚಿನಲ್ಲಿರುವ ಅಂಗಳದಷ್ಟು ಜಾಗ. ಸತ್ತವರಿಗೆಲ್ಲ ಶಾಶ್ವತವಾಗಿ ಆರಡಿ ಮೂರಡಿ ಕೊಡುವಂತಿಲ್ಲ. ಹತ್ತು ಹದಿನೈದು ವರ್ಷಗಳಾದ ಮೇಲೆ ಗುಂಡಿಯನ್ನು ತೆರೆದು, ಮೂಳೆಗಳನ್ನು ತೆಗೆದು, ಬುರುಡೆಯನ್ನು ಬಿಸಿಲಿಗಿಟ್ಟು ಬಿಳುಪಾಗಿಸಿ, ಹಣೆಯ ಮೇಲೆ ಹೆಸರು ಬರೆದು, ಸುತ್ತ ಗುಲಾಬಿಯನ್ನೋ ಓಕ್ ಎಲೆಯ ಮಾಲೆಯನ್ನೋ ಚಿತ್ರಿಸಿ, ಪಕ್ಕದ ಪುಟ್ಟ ಗುಡಿಯಲ್ಲಿ ಮನೆತನದವರ ಸಾಲಿನಲ್ಲಿ ಇಡುತ್ತಿದ್ದರು. 1720ರ ಹೊತ್ತಿಗೆ ಶುರುವಾದ ಪದ್ಧತಿ. ಒಟ್ಟು 1,200ಕ್ಕೂ ಹೆಚ್ಚು ಬುರುಡೆಗಳಿವೆ, ಅವುಗಳಲ್ಲಿ ಸುಮಾರು 610ರ ಮೇಲೆ ಚಿತ್ರವಿದೆ. ಕೊನೆಯದನ್ನು ಇಟ್ಟದ್ದು 1995ರಲ್ಲಿ. 1983ರಲ್ಲಿ ತೀರಿಕೊಂಡ ಒಬ್ಬ ಮಹಿಳೆಯದು, ಅವರೇ ಹಾಗೆ ಬಯಸಿದ್ದರು. ಮಾಟವೂ ಅಲ್ಲ, ಮಂತ್ರವೂ ಅಲ್ಲ, ಮನೆಯವರ ಅಕ್ಕರೆ. ಆದರೂ ಎಲ್ಲರ ಮನಸ್ಸು ಒಂದೇ ತರಹ ಇರುವುದಿಲ್ಲ. ಒಳಗೆ ಹೋಗದಿದ್ದರೆ ಏನೂ ನಷ್ಟವಿಲ್ಲ. ಅಲ್ಲಿಗೆ ಹತ್ತುವುದಕ್ಕೆ ಮೆಟ್ಟಿಲುಗಳೂ ಸಾಕಷ್ಟಿವೆ, ಚಳಿಗಾಲದಲ್ಲಿ ತೆರೆಯುವ ಹೊತ್ತೂ ಮೊಟಕು.

ಇಷ್ಟು ಹೊಗಳಿದ ಮೇಲೆ ನಿಮ್ಮ ನೆಂಟರ ಪಕ್ಷವನ್ನೂ ವಹಿಸಬೇಕು. ಹಾಲ್‌ಸ್ಟಾಟ್‌ನ ಮಧ್ಯಾಹ್ನ ಸಹಿಸುವಂತಿಲ್ಲ. ಬೇಸಿಗೆಯ ಕೆಲವು ದಿನಗಳಲ್ಲಿ ಹತ್ತು ಸಾವಿರ ಜನ ಬರುತ್ತಾರೆ. 2020ರಿಂದ ಪ್ರವಾಸಿ ಬಸ್ಸುಗಳಿಗೆ ಮುಂಗಡವಾಗಿ ಹೊತ್ತು ಗೊತ್ತುಮಾಡುವ ಏರ್ಪಾಡು ತಂದರು. 2023ರ ಮೇ ತಿಂಗಳಲ್ಲಿ ಎಲ್ಲರೂ ನಿಂತು ಫೋಟೊ ತೆಗೆಯುವ ಜಾಗಕ್ಕೆ ಮರದ ತಡಿಕೆ ಕಟ್ಟಿ ಕೆರೆಯೇ ಕಾಣದಂತೆ ಮಾಡಿದರು, ಗಲಾಟೆಯಾದ ಮೇಲೆ ತೆಗೆದರು. ಅದೇ ಆಗಸ್ಟ್‌ನಲ್ಲಿ ಊರಿನವರು ರಸ್ತೆಗಿಳಿದು ಪ್ರತಿಭಟಿಸಿದರು. ಯಾರದೋ ಮನೆ ಬಾಗಿಲ ಮುಂದೆ ನಿಂತು, ಒಳಗೆ ಇಣುಕಿ, ಗದ್ದಲ ಮಾಡುವುದನ್ನು ದಿನವೂ ಕಂಡರೆ ಯಾರಿಗಾದರೂ ಸಾಕೆನಿಸುತ್ತದೆ. ಹನ್ನೊಂದು ಗಂಟೆಗೆ ಇಳಿಸಿ ಎರಡು ಗಂಟೆಗೆ ಹತ್ತಿಸಿಕೊಂಡು ಹೋಗುವ ಬಸ್ಸಿನಲ್ಲಿ ಬಂದವರಿಗೆ ಇದು ಫೋಟೊ ಊರಾಗಿಯೇ ಕಾಣುತ್ತದೆ, ಅವರ ತಪ್ಪಿಲ್ಲ.

ಇನ್ಸ್‌ಬ್ರುಕ್‌ಗೆ ಬರೋಣ. ಇನ್ ನದಿಯ ಸೇತುವೆ ಎಂಬುದೇ ಹೆಸರಿನ ಅರ್ಥ. ಜರ್ಮನಿಯಿಂದ ಇಟಲಿಗೆ ಹೋಗುವ ಸರಕು ಸುಮಾರು 1,370 ಮೀಟರಿನ ಬ್ರೆನ್ನರ್ ಘಾಟಿ ದಾಟಬೇಕು, ದಾಟುವ ಮುನ್ನ ಈ ಸೇತುವೆಗೆ ಬರಬೇಕು. ಆಲ್ಪ್ಸ್‌ನಲ್ಲಿ ಅಷ್ಟು ತಗ್ಗಿನ ಘಾಟಿಗಳು ಕಡಿಮೆ. ಸುಂಕ, ತಂಗುದಾಣ, ಕುದುರೆ ಬದಲಾವಣೆ, ಗೋದಾಮು, ಹೀಗೆ ಬೆಳೆದ ಪೇಟೆ ಇದು. ಹಳೆ ಪೇಟೆಯ ಅಂಗಡಿಗಳ ಮುಂದಿನ ಕಮಾನು ಜಗಲಿಗಳು ಮಳೆ, ಹಿಮದಲ್ಲಿ ನೆನೆಯದೆ ವ್ಯಾಪಾರ ಮಾಡಲು. ಗೋಡೆಯಿಂದ ಹೊರಕ್ಕೆ ಚಾಚಿದ ಕಿಟಕಿಗೂಡುಗಳು ಇಕ್ಕಟ್ಟಿನ ಬೀದಿಯಲ್ಲಿ ಬೆಳಕನ್ನು ಹಿಡಿಯಲು. ಮನೆಗಳ ಬುಡಕ್ಕೆ ಇಳಿಜಾರಾಗಿ ಒತ್ತುಕೊಟ್ಟ ದಪ್ಪ ಕಲ್ಲುಗಂಬಗಳನ್ನು ನೋಡಿದಾಗ ಮಾತ್ರ ಕಾರಣ ತಕ್ಷಣ ಹೊಳೆಯುವುದಿಲ್ಲ. ಅವು ಭೂಕಂಪದ ಊರುಗೋಲುಗಳು. 1670 ಮತ್ತು 1689ರ ಕಂಪನಗಳು ಈ ಕಣಿವೆಯನ್ನು ಅಲುಗಿಸಿದ್ದವು.

ಚಿನ್ನದ ಚಾವಣಿ ಬಾಲ್ಕನಿಯೇ ಹೌದು. 1500ರ ಹೊತ್ತಿಗೆ ಮುಗಿದದ್ದು; 2,657 ತಾಮ್ರದ ಹೆಂಚುಗಳಿಗೆ ಚಿನ್ನ ಮತ್ತು ಪಾದರಸದ ಮಿಶ್ರಣ ಸವರಿ, ಬೆಂಕಿಯಲ್ಲಿ ಪಾದರಸ ಹಾರಿಸಿ ಗಿಲೀಟು ಮಾಡಿದ್ದು. "ಖಾಲಿ ಜೇಬಿನ ಫ್ರೆಡ್ರಿಕ್" ಎಂಬ ಅರಸ ತನ್ನನ್ನು ಆಡಿಕೊಂಡವರ ಬಾಯಿ ಮುಚ್ಚಿಸಲು ಕಟ್ಟಿಸಿದ ಎಂಬ ಕಥೆಯನ್ನು ಗೈಡುಗಳು ಇನ್ನೂ ಹೇಳುತ್ತಾರೆ. ಕಟ್ಟಿಸಿದವನು ಅವನಲ್ಲ, ಹ್ಯಾಬ್ಸ್‌ಬರ್ಗ್ ವಂಶದ ದೊರೆ ಒಂದನೇ ಮ್ಯಾಕ್ಸಿಮಿಲಿಯನ್. ಆದರೆ ಖಾಲಿ ಜೇಬು ಅವನಿಗೂ ಚೆನ್ನಾಗಿಯೇ ಒಪ್ಪುತ್ತಿತ್ತು. ಆಗ್ಸ್‌ಬರ್ಗ್‌ನ ಸಾಹುಕಾರ ಯಾಕೋಬ್ ಫುಗ್ಗರ್‌ನಿಂದ ತನ್ನ ಬೆಳ್ಳಿ ಗಣಿಯ ಆದಾಯ ಒತ್ತೆಯಿಟ್ಟು ಸಾಲ ತೆಗೆದವನು. 1494ರಲ್ಲಿ ಮಿಲಾನ್‌ನ ಬಿಯಾಂಕಾ ಮರಿಯಾ ಸ್ಫೋರ್ಜಾಳನ್ನು ಎರಡನೆಯ ಹೆಂಡತಿಯಾಗಿ ಕರೆತಂದಾಗ ಬಂದ ವರದಕ್ಷಿಣೆ ನಾಲ್ಕು ಲಕ್ಷ ಡ್ಯುಕಾಟ್, ಅಂದರೆ ಅಷ್ಟು ಚಿನ್ನದ ನಾಣ್ಯ. ಬಾಲ್ಕನಿಯ ಉಬ್ಬುಶಿಲ್ಪದಲ್ಲಿ ಅವನು ಇಬ್ಬರು ಹೆಂಡಿರ ಜೊತೆ ಇದ್ದಾನೆ; ಸತ್ತ ಮೊದಲ ಹೆಂಡತಿ ಬರ್ಗಂಡಿಯ ಮೇರಿಯೂ ಪಕ್ಕದಲ್ಲೇ ಇದ್ದಾಳೆ. ಬಿಯಾಂಕಾಗೆ ಅದನ್ನು ನೋಡಿ ಏನನಿಸಿತೋ, ಯಾರೂ ಬರೆದಿಡಲಿಲ್ಲ. ಈಗ ಅಲ್ಲಿರುವ ಶಿಲ್ಪಗಳು ಪ್ರತಿಕೃತಿಗಳು, ಮೂಲಗಳನ್ನು ಮಳೆ ಬಿಸಿಲಿನಿಂದ ತೆಗೆದು ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ.

ಹತ್ತು ನಿಮಿಷ ಸಾಕು ಎಂದ ನೆಂಟರು ಇನ್ನೂರು ಹೆಜ್ಜೆ ಆಚೆಯ ಹೋಫ್‌ಕಿರ್ಖೆ ಎಂಬ ಅರಮನೆಯ ಇಗರ್ಜಿಗೆ ಹೋಗಿರಲಿಕ್ಕಿಲ್ಲ. ನಡುವೆ ಮ್ಯಾಕ್ಸಿಮಿಲಿಯನ್‌ನ ಅಮೃತಶಿಲೆಯ ಸಮಾಧಿ, ಎರಡೂ ಬದಿಗೆ ಆಳೆತ್ತರಕ್ಕೂ ಮಿಗಿಲಾದ 28 ಕಂಚಿನ ಪ್ರತಿಮೆಗಳು. ಊರಿನವರು "ಕಪ್ಪು ಗಂಡಸರು" ಎಂದು ಕರೆಯುವ ಈ ಸಾಲಿನಲ್ಲಿ ಹೆಂಗಸರೂ ಇದ್ದಾರೆ. ಅವನ ಹೆತ್ತವರು, ಹಿರಿಯರ ಜೊತೆಗೆ ಕಥೆಯ ಆರ್ಥರ್ ರಾಜನನ್ನೂ ನಿಲ್ಲಿಸಿದ್ದಾರೆ. ವಂಶಾವಳಿಯಲ್ಲಿ ಪುರಾಣಪುರುಷರನ್ನು ಸೇರಿಸಿಕೊಳ್ಳುವ ಚಾಳಿ ನಮ್ಮ ಶಾಸನಗಳನ್ನು ಓದಿದ ನಿಮಗೆ ಹೊಸದಲ್ಲ. ನಲವತ್ತು ಪ್ರತಿಮೆ ಮಾಡಿಸುವ ಯೋಜನೆಯಿತ್ತು, ದುಡ್ಡು ಮತ್ತು ಆಯುಸ್ಸು ಎರಡೂ ಸಾಲಲಿಲ್ಲ. 1519ರಲ್ಲಿ ಅವನು ಸತ್ತದ್ದು ವೆಲ್ಸ್‌ನಲ್ಲಿ, ಹೂತದ್ದು ವೀನರ್ ನೊಯಿಷ್ಟಾಟ್‌ನಲ್ಲಿ. ಇಗರ್ಜಿಯನ್ನು ಮೊಮ್ಮಗ ಫರ್ಡಿನೆಂಡ್ ಕಟ್ಟಿಸಿದ. ಇಷ್ಟೆಲ್ಲ ಕಾವಲು ನಿಂತಿರುವ ಸಮಾಧಿ ಖಾಲಿ. ಹಿಂದಿನ ಬಾಕಿ ತೀರಿಸಿಲ್ಲವೆಂದು ಇನ್ಸ್‌ಬ್ರುಕ್‌ನ ಛತ್ರದವರು ಅವನ ಪರಿವಾರಕ್ಕೆ ಕೊನೆಯ ಸಲ ಇಳಿದುಕೊಳ್ಳಲು ಜಾಗವನ್ನೇ ಕೊಡಲಿಲ್ಲವಂತೆ ಎಂಬ ಕಥೆಯೂ ಇದೆ. ಅಲ್ಲಿ ಕೂರಲು ಬೆಂಚುಗಳಿವೆ, ಮಂಡಿಗೆ ಹಿತ. ಒಂದು ಗಂಟೆ ಇಟ್ಟುಕೊಳ್ಳಿ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ನಾನಾಗಿ ಸೇರಿಸುವ ಊರು ಒಂದಿದೆ: ಇನ್ಸ್‌ಬ್ರುಕ್ ಇರುವ ಟಿರೋಲ್ ಪ್ರಾಂತ್ಯದ ಹಾಲ್. ಇನ್ಸ್‌ಬ್ರುಕ್‌ನಿಂದ ಪೂರ್ವಕ್ಕೆ ಹತ್ತು ಕಿಲೋಮೀಟರ್, ರೈಲಿನಲ್ಲಿ ಹತ್ತು ನಿಮಿಷ. ಇದೂ ಉಪ್ಪಿನ ಊರೇ. ಮೇಲಿನ ಕಣಿವೆಯಿಂದ ಉಪ್ಪುನೀರನ್ನು ಇಳಿಸಿ ಇಲ್ಲಿ ಕಾಯಿಸುತ್ತಿದ್ದರು, 1967ರವರೆಗೂ. 1477ರಲ್ಲಿ ಟಿರೋಲ್ ಆಳುತ್ತಿದ್ದ ಆರ್ಚ್‌ಡ್ಯೂಕ್ ಸಿಗಿಸ್ಮಂಡ್ ಟಂಕಸಾಲೆಯನ್ನು ಮೆರಾನೋದಿಂದ ಇಲ್ಲಿಗೆ ತಂದ, ಏಕೆಂದರೆ ಬೆಳ್ಳಿ ಸಿಗುವ ಷ್ವಾಟ್ಸ್ ಹತ್ತಿರ. 1486ರಲ್ಲಿ ಇಲ್ಲಿ ಗುಲ್ಡಿನರ್ ಎಂಬ ದೊಡ್ಡ ಬೆಳ್ಳಿ ನಾಣ್ಯ ಟಂಕಿಸಿದರು, ಒಂದು ಚಿನ್ನದ ನಾಣ್ಯದಷ್ಟು ಬೆಲೆಯ ಬೆಳ್ಳಿ. ಅದರ ಮಾದರಿಯಲ್ಲೇ ಮುಂದೆ ಬೊಹೀಮಿಯಾದ ಥಾಲರ್ ಬಂತು, ಥಾಲರ್ ಎಂಬ ಹೆಸರೇ ನಾಲಿಗೆಯಿಂದ ನಾಲಿಗೆಗೆ ಹೊರಳಿ ಡಾಲರ್ ಆಯಿತು. ನಮಗೂ ಒಂದು ಎಳೆ ಇದೆ: ಅದೇ ವಂಶದ, 1780ರ ಇಸವಿ ಹೊತ್ತ ಮರಿಯಾ ತೆರೇಸಾ ಥಾಲರ್ ಅರಬರ ನಾಡಿನಲ್ಲಿ, ಇಥಿಯೋಪಿಯಾದಲ್ಲಿ ಎಷ್ಟು ಚಲಾವಣೆಯಲ್ಲಿತ್ತೆಂದರೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷರು ಅದನ್ನು ಬೊಂಬಾಯಿಯ ಟಂಕಸಾಲೆಯಲ್ಲೂ ಟಂಕಿಸಿದರು. ಹಾಲ್‌ನ ಹಸೆಗ್ ಕೋಟೆಯಲ್ಲಿ ಟಂಕಸಾಲೆಯ ಸಂಗ್ರಹಾಲಯವಿದೆ. ಹಳೆ ಪೇಟೆ ಇನ್ಸ್‌ಬ್ರುಕ್‌ನದಕ್ಕಿಂತ ದೊಡ್ಡದು. ಜನ ತರಕಾರಿ ಚೀಲ ಹಿಡಿದು ಓಡಾಡುವ, ಮಕ್ಕಳು ಶಾಲೆಯಿಂದ ಮನೆಗೆ ಬರುವ ಊರು. ಇಂಥ ಊರನ್ನು ಬಿಟ್ಟು ಸ್ವಲ್ಪ ಮುಂದಿರುವ ವಾಟೆನ್ಸ್‌ನ ಗಾಜಿನ ಹರಳುಗಳ ಮಳಿಗೆಗೆ ನಮ್ಮವರ ಬಸ್ಸುಗಳು ಓಡುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಯೋಜನೆ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್‌ಗೆ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. ಹಾಲ್‌ಸ್ಟಾಟ್ ಬೇರೆಯೇ ದಿಕ್ಕು. ಸಾಲ್ಜ್‌ಬರ್ಗ್ ದಾಟಿ, ಆಟ್ನಾಂಗ್-ಪುಖ್‌ಹೈಮ್‌ನಲ್ಲಿ ರೈಲು ಬದಲಿಸಿ, ಆಮೇಲೆ ದೋಣಿ, ಎಲ್ಲ ಸೇರಿ ನಾಲ್ಕು ಗಂಟೆಯ ದಾರಿ. ಅದನ್ನು ಮ್ಯೂನಿಕ್‌ನಿಂದ ಹೋಗಿ ಅದೇ ದಿನ ಬರುವ ಪ್ರವಾಸವಾಗಿ ಮಾಡಬೇಡಿ. ನೀವು ತಲುಪುವ ಹೊತ್ತಿಗೆ ಜನಸಾಗರ, ಹೊರಡುವ ಹೊತ್ತಿಗೆ ಊರು ಬರಿದಾಗಲು ಶುರು. ನಾನೇ ಒಮ್ಮೆ ಗುಂಪನ್ನು ಕರೆದುಕೊಂಡು ಹೋಗಿ, ಸಂಜೆಯ ಬೆಳಕು ಚೆನ್ನಾಗಿದೆ ಎಂದು ತಡಮಾಡಿ, ಕೊನೆಯ ದೋಣಿ ತಪ್ಪಿಸಿಕೊಂಡು, ಕೆರೆ ಸುತ್ತಿ ನಿಲ್ದಾಣ ಸೇರಲು ಟ್ಯಾಕ್ಸಿಗೆ ತೆತ್ತಿದ್ದೇನೆ. ದೋಣಿಗಳು ರೈಲಿನ ವೇಳೆಗೆ ಹೊಂದಿಕೊಂಡು ಓಡುತ್ತವೆ, ರಾತ್ರಿಯ ದೋಣಿ ಎಂಬುದು ಇಲ್ಲ. ಒಂದು ರಾತ್ರಿ ಅಲ್ಲೇ ಉಳಿದರೆ ಬೆಳಗ್ಗೆ ಏಳು ಗಂಟೆಗೆ ಮಂಜೇಳುವ ಕೆರೆಯ ಮುಂದೆ ನೀವಿಬ್ಬರೇ ಇರುತ್ತೀರಿ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಕೋಣೆಗಳು ದುಬಾರಿ, ಹಳೆ ಮನೆಗಳಲ್ಲಿ ಲಿಫ್ಟ್ ಇರುವುದಿಲ್ಲ, ಊರಿನ ನಡುವೆ ಹಗಲಿನಲ್ಲಿ ಕಾರು ಬಿಡುವುದಿಲ್ಲವಾದ್ದರಿಂದ ಪೆಟ್ಟಿಗೆ ಎಳೆದುಕೊಂಡು ನಡೆಯಬೇಕು. ಮಂಡಿನೋವಿರುವವರಿಗೆ ಪಕ್ಕದ ಓಬರ್‌ಟ್ರೌನ್ ಮೇಲು. ಸಮತಟ್ಟಾದ ಊರು, ಬಸ್ಸಿದೆ, ಬಾಡಿಗೆಯೂ ಕಡಿಮೆ.

ಉಪ್ಪಿನ ಗಣಿಗೆ ಹೋಗಬೇಕೆಂದು ನನ್ನ ಆಸೆ, ಆದರೆ ಒತ್ತಾಯಿಸುವುದಿಲ್ಲ. ಮೇಲಿನವರೆಗೆ ಹಳಿಯ ಮೇಲಿನ ಕೇಬಲ್ ಗಾಡಿ ಒಯ್ಯುತ್ತದೆ (ಅದು ಓಡುತ್ತಿದೆಯೇ ಎಂದು ಹೊರಡುವ ಮುನ್ನ ಮಗ ನೋಡಿಕೊಳ್ಳಲಿ), ಅಲ್ಲಿಂದ ಗಣಿಯ ಬಾಯಿಗೆ ಏರುದಾರಿ, ಒಳಗೆ ಇನ್ನಷ್ಟು ನಡಿಗೆ, ಮೆಟ್ಟಿಲು. ಹಳೆಯ ಗಣಿಗಾರರಂತೆ ಮರದ ಜಾರುಬಂಡೆಯಲ್ಲಿ ಕುಳಿತು ಇಳಿಯಬಹುದು, ಬೇಡವಾದವರಿಗೆ ಪಕ್ಕದಲ್ಲೇ ಮೆಟ್ಟಿಲಿದೆ. ಒಳಗಿನ ತಾಪಮಾನ ವರ್ಷವಿಡೀ 8 ಡಿಗ್ರಿ. ಮಂಡಿ ಒಪ್ಪದಿದ್ದರೆ ಯಜಮಾನರನ್ನೂ ಮಗನನ್ನೂ ಕಳಿಸಿ, ನೀವು ಕೆಳಗಿನ ಸಂಗ್ರಹಾಲಯದಲ್ಲಿರಿ. ರಾಮ್ಸಾವರ್‌ನ ಕಥೆ ಅಲ್ಲೂ ಇದೆ.

ಕ್ರಿಸ್‌ಮಸ್ಸೋ ಸೆಪ್ಟೆಂಬರೋ ಎಂದರೆ ನಾನು ಹಿಂದೆ ಮುಂದೆ ನೋಡದೆ ಸೆಪ್ಟೆಂಬರ್ ಎನ್ನುತ್ತೇನೆ. ಚಿನ್ನದ ಚಾವಣಿಯ ಕೆಳಗಿನ ಕ್ರಿಸ್‌ಮಸ್ ಸಂತೆ ಚಂದವೇ, ಆದರೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಕಲ್ಲುಹಾಸಿನ ಮೇಲೆ ಜಾರಿದರೆ ನಾಲ್ಕು ದಿನದ ಪ್ರವಾಸ ನಾಲ್ಕು ತಿಂಗಳ ಹಾಸಿಗೆಯಾಗುತ್ತದೆ. ಹಾಲ್‌ಸ್ಟಾಟ್ ಬೆಟ್ಟದ ನೆರಳಿನ ಊರಾದ್ದರಿಂದ ನಡುಚಳಿಗಾಲದಲ್ಲಿ ಬಿಸಿಲೂ ಅಪರೂಪ. ಸೆಪ್ಟೆಂಬರಿನಲ್ಲಿ ಮಳೆಗೆ ಕೊಡೆ ಇರಲಿ. ಇನ್ಸ್‌ಬ್ರುಕ್‌ನಲ್ಲಿ ಒಮ್ಮೊಮ್ಮೆ ದಕ್ಷಿಣದಿಂದ ಫ್ಯೋನ್ ಎಂಬ ಬೆಚ್ಚನೆಯ ಒಣಗಾಳಿ ಬೀಸುತ್ತದೆ. ಅಲ್ಲಿಯ ಜನ ತಲೆನೋವು, ನಿದ್ದೆಗೇಡು, ಗಂಡಹೆಂಡಿರ ಜಗಳ ಎಲ್ಲಕ್ಕೂ ಅದನ್ನೇ ಬಯ್ಯುತ್ತಾರೆ. ಯಜಮಾನರಿಗೆ ತಲೆ ಭಾರವೆನಿಸಿದರೆ ಗಾಳಿಯನ್ನು ಬಯ್ಯುತ್ತಾ ಕೂರದೆ ರಕ್ತದೊತ್ತಡ ನೋಡಿಕೊಳ್ಳಲಿ, ಮಾತ್ರೆಗಳು ಕೈಚೀಲದಲ್ಲೇ ಇರಲಿ.

ನನ್ನ ಕೈಗೆ ನಿಮ್ಮ ನಾಲ್ಕು ದಿನ ಕೊಟ್ಟರೆ: ಎರಡು ರಾತ್ರಿ ಇನ್ಸ್‌ಬ್ರುಕ್, ಅದರಲ್ಲಿ ಒಂದು ಪೂರ್ತಿ ಬೆಳಗ್ಗೆ ಹಾಲ್‌ಗೆ. ಆಮೇಲೆ ಒಂದು ರಾತ್ರಿ ಓಬರ್‌ಟ್ರೌನ್, ಬೆಳಗಿನ ಹಾಲ್‌ಸ್ಟಾಟ್ ನೋಡಿ ಹನ್ನೊಂದರೊಳಗೆ ವಾಪಸು. ರಜೆ ಮೂರೇ ದಿನಕ್ಕೆ ಇಳಿದರೆ ಹಾಲ್‌ಸ್ಟಾಟ್ ಬಿಟ್ಟುಬಿಡಿ. ಇದು ಕೇಳಿ ನಿಮ್ಮ ಮಗ ಮುಖ ಸಣ್ಣ ಮಾಡಿಕೊಳ್ಳಬಹುದು, ಆದರೆ ಮೂರು ದಿನದಲ್ಲಿ ಎರಡನ್ನೂ ತುರುಕಿದರೆ ನಿಮಗೆ ನೆನಪಿರುವುದು ರೈಲಿನ ಕಿಟಕಿ ಮಾತ್ರ.

ಊಟಕ್ಕೆ ತೊಂದರೆಯಿಲ್ಲ, ಎಚ್ಚರ ಬೇಕು. ಚೀಸ್ ಹಾಕಿದ ಷ್ಪೆಟ್ಸ್‌ಲೆ ಎಂಬ ಹಿಟ್ಟಿನ ತಿನಿಸು ಎಲ್ಲೆಡೆ ಸಿಗುತ್ತದೆ, ಅದರ ಹಿಟ್ಟಿಗೆ ಮೊಟ್ಟೆ ಸೇರಿರುತ್ತದೆ. ಕೈಸರ್‌ಶ್ಮಾರನ್ ಎಂಬ ಸಿಹಿ ದೋಸೆಯ ಚೂರುಗಳಲ್ಲೂ ಮೊಟ್ಟೆ. ಚೀಸ್ ಉಂಡೆಗಳನ್ನು ತಿಳಿಸಾರಿನಲ್ಲಿ ಬಡಿಸುತ್ತಾರೆ, ಆ ಸಾರು ಬಹುಪಾಲು ದನದ ಮೂಳೆಯದು, ಕೇಳಿಯೇ ತರಿಸಿಕೊಳ್ಳಿ. ಓಬರ್‌ಟ್ರೌನ್‌ನಲ್ಲಿ ಅಡುಗೆಮನೆಯಿರುವ ಕೋಣೆ ಹಿಡಿದರೆ ಅವಲಕ್ಕಿ, ಚಟ್ನಿಪುಡಿ ಸಾಕು.

ತರುವುದಕ್ಕೆ ಏನು ಎಂದು ಕೇಳಿದ್ದೀರಿ. ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತದ ಬದಲು ಒಂದು ಪೊಟ್ಟಣ ಉಪ್ಪು ತನ್ನಿ. ಹಾಲ್‌ಸ್ಟಾಟ್‌ನ ಉಪ್ಪುನೀರು ಈಗಲೂ ಕೊಳವೆಯಲ್ಲಿ ಎಬೆನ್‌ಜೇ ಎಂಬ ಊರಿಗೆ ಹರಿದುಹೋಗಿ ಅಲ್ಲಿ ಉಪ್ಪಾಗುತ್ತದೆ. ಆ ದಾರಿಯ ಮೊದಲ ಕೊಳವೆಯನ್ನು 1607ರ ಹೊತ್ತಿಗೆ 13,000 ಮರದ ದಿಮ್ಮಿಗಳನ್ನು ಕೊರೆದು, ಒಂದಕ್ಕೊಂದು ಜೋಡಿಸಿ, 40 ಕಿಲೋಮೀಟರ್ ಉದ್ದಕ್ಕೆ ಹಾಕಿದ್ದರು. ನಯವಾದ ಬಿಳಿ ಉಪ್ಪು, ಮೇಜಿನ ಮೇಲಿಡಲು ಚೆನ್ನ. ಮಿಡಿ ಉಪ್ಪಿನಕಾಯಿಗೆ ಮಾತ್ರ ಬಳಸಬೇಡಿ, ಅದಕ್ಕೆ ನಮ್ಮ ಕಲ್ಲುಪ್ಪೇ ಆಗಬೇಕು.